ಬಿತ್ತನೆಗೆ ಮುನ್ನ ಕೂರಿಗೆ–ಕುಂಟೆಗಳ ದುರಸ್ತಿ: ತಂತಿ ವೆಲ್ಡಿಂಗ್ ಯಂತ್ರವನ್ನು ಹೊಂದಿಸುವ ಕ್ರಮ

ನವಲಗುಂದ, ಅಣ್ಣಿಗೇರಿ ಭಾಗದ ಎರೆ ಭೂಮಿಯಲ್ಲಿ ಹಿಂಗಾರಿ ಕಡಲೆ ಬೆಳೆಯುವುದು ಬಹುಮಟ್ಟಿಗೆ ನೆಲದಲ್ಲಿ ಉಳಿದ ಹಸಿಯ ಮೇಲೆ. ಮಳೆ ನಿಂತು ಹೊಲ ಹದಕ್ಕೆ ಬಂದ ಮೇಲೆ ಬಿತ್ತಲು ಸಿಗುವ ದಿನಗಳು ಕೆಲವೇ. ಆ ಹೊತ್ತಿಗೆ ಕೂರಿಗೆಯ ತಾಳು ಮುರಿದು, ದುರಸ್ತಿಗೆಂದು ಎರಡು ದಿನ ಕಳೆದರೆ ಮೇಲ್ಮಣ್ಣು ಒಣಗುತ್ತದೆ. ಬೀಜ ಹಸಿ ಮುಟ್ಟುವುದಿಲ್ಲ. ಬೇಸಾಯಶಾಸ್ತ್ರ ಕಲಿಸುವವನು ವೆಲ್ಡಿಂಗ್ ಬಗ್ಗೆ ಬರೆಯಲು ಇದೇ ಕಾರಣ.

ರಾಡ್ ಹಿಡಿದು ಮಾಡುವ ವೆಲ್ಡಿಂಗ್ ನಮ್ಮ ರೈತರಿಗೆ ಹೊಸದಲ್ಲ. ಸುರುಳಿಯಿಂದ ತಂತಿ ತಾನಾಗಿ ಬರುವ ಸಣ್ಣ ಯಂತ್ರಗಳೂ ಈಗ ಸಿಗುತ್ತವೆ. ಕಲಿಯುವುದು ಸುಲಭವಾದುದರಿಂದ ಹೊಸಬರು ಇವನ್ನೇ ಇಷ್ಟಪಡುತ್ತಾರೆ. ಆದರೆ ತಂತಿಯ ಜಾತಿ ಬದಲಾದಾಗ ಯಂತ್ರದ ಜೋಡಣೆಯೂ ಬದಲಾಗಬೇಕು. ಇದನ್ನು ಬಿಟ್ಟರೆ ಬೆಸುಗೆ ನೋಡಲು ಚೆನ್ನಾಗಿದ್ದು ಹೊಲದಲ್ಲಿ ಕೈಕೊಡುತ್ತದೆ.

ತಂತಿಯ ಜಾತಿಗಳು

ಉಕ್ಕಿನ ಕೆಲಸಕ್ಕೆ ಮುಖ್ಯವಾಗಿ ಎರಡು ಬಗೆಯ ತಂತಿಗಳಿವೆ. ಒಂದು, ತಾಮ್ರದ ಲೇಪವಿರುವ ಗಟ್ಟಿ ತಂತಿ. ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಇಆರ್ 70ಎಸ್-6 ಎಂದಿರುತ್ತದೆ. ಇದಕ್ಕೆ ಇಂಗಾಲದ ಡೈಆಕ್ಸೈಡ್ ಅನಿಲ, ಇಲ್ಲವೆ ಅದರೊಡನೆ ಆರ್ಗಾನ್ ಬೆರೆತ ಅನಿಲ ಬೇಕೇ ಬೇಕು. ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುವುದು ಈ ಅನಿಲವೇ. ಇನ್ನೊಂದು, ಒಳಗೆ ಪುಡಿ ತುಂಬಿದ ಪೊಳ್ಳು ತಂತಿ. ಇ71ಟಿ-11 ಇದರಲ್ಲಿ ಪ್ರಚಲಿತ. ಪುಡಿ ಉರಿದು ತಾನೇ ರಕ್ಷಣೆ ಕೊಡುವುದರಿಂದ ಸಿಲಿಂಡರ್ ಬೇಡ.

ಎರೆ ಸೀಮೆಯ ಬಯಲಲ್ಲಿ ಗಾಳಿಗೆ ತಡೆಯಿಲ್ಲ. ಹೊಲದ ಬದುವಿನಲ್ಲಿ ಗಟ್ಟಿ ತಂತಿ ಬಳಸಿದರೆ ಅನಿಲ ಚೆದುರಿ ಬೆಸುಗೆಯಲ್ಲಿ ಜೇನುಗೂಡಿನಂತೆ ತೂತು ಬೀಳುತ್ತವೆ. ಹೊಲದ ಕೆಲಸಕ್ಕೆ ಪುಡಿ ತಂತಿಯೇ ಲೇಸೆಂದು ನನ್ನ ಅಭಿಪ್ರಾಯ. ಹೊಗೆ ಹೆಚ್ಚು, ಮೇಲೆ ಕಟ್ಟುವ ಕಿಟ್ಟವನ್ನು ಕೆರೆದು ತೆಗೆಯಬೇಕು, ಅಷ್ಟು ಸಹಿಸಿಕೊಳ್ಳಬಹುದು. ಶೆಡ್ಡಿನಲ್ಲಿ ತೆಳು ತಗಡಿನ ಕೆಲಸವಾದರೆ ಗಟ್ಟಿ ತಂತಿ ಉತ್ತಮ. ಅಲ್ಯೂಮಿನಿಯಂ ತಂತಿಗೆ ಶುದ್ಧ ಆರ್ಗಾನ್ ಮತ್ತು ಬೇರೆಯೇ ರೋಲರ್ ಬೇಕು. ಮೆತ್ತಗಿನ ಆ ತಂತಿ ದಾರಿಯಲ್ಲೇ ಮಡಚಿಕೊಳ್ಳುತ್ತದೆ. ಹೊಸಬರು ಅದರ ಗೊಡವೆಗೆ ಹೋಗಬಾರದು.

ಪ್ಲಸ್–ಮೈನಸ್ ಅದಲುಬದಲು

ಬಹಳ ಜನ ಎಡವುವುದು ಇಲ್ಲಿಯೇ. ಗಟ್ಟಿ ತಂತಿಗೆ ಟಾರ್ಚ್ ಪ್ಲಸ್‌ಗೆ, ಅರ್ಥ್ ಕ್ಲಾಂಪ್ ಮೈನಸ್‌ಗೆ ಸೇರಬೇಕು. ಅನಿಲ ಬೇಡದ ಪುಡಿ ತಂತಿಗೆ ಇದಕ್ಕೆ ತದ್ವಿರುದ್ಧ: ಟಾರ್ಚ್ ಮೈನಸ್‌ಗೆ, ಕ್ಲಾಂಪ್ ಪ್ಲಸ್‌ಗೆ. ಗಟ್ಟಿ ತಂತಿಯನ್ನು ತಪ್ಪು ಧ್ರುವದಲ್ಲಿ ಓಡಿಸಿದರೆ ಲೋಹ ಒಳಗಿಳಿಯದೆ ಮೇಲೆ ಮೇಣ ಹಚ್ಚಿದಂತೆ ಕೂರುತ್ತದೆ. ಪುಡಿ ತಂತಿಯಲ್ಲಿ ತಪ್ಪಾದರೆ ಕಿಡಿ ವಿಪರೀತ ಸಿಡಿಯುತ್ತದೆ. ಅದಲುಬದಲು ಮಾಡುವಾಗ ಪ್ಲಗ್ ಕಿತ್ತಿರಬೇಕು. ಅನಿಲ ಬಯಸುವ ಪುಡಿ ತಂತಿಗಳೂ ಉಂಟು, ಅವುಗಳ ಧ್ರುವ ಬೇರೆ. ಆದ್ದರಿಂದ ಪೆಟ್ಟಿಗೆಯ ಮೇಲಿನ ಸೂಚನೆ ಓದತಕ್ಕದ್ದು.

ರೋಲರ್, ಟಿಪ್, ಬಿಗಿ

ಗಟ್ಟಿ ತಂತಿಗೆ ನುಣುಪಾದ ವಿ ಆಕಾರದ ಗಾಡಿಯ ರೋಲರ್, ಪುಡಿ ತಂತಿಗೆ ಹಲ್ಲುಗಳಿರುವ ರೋಲರ್ ಹಾಕಬೇಕು. ತಂತಿ 0.8 ಮಿ.ಮೀ. ಇದ್ದರೆ ಟಿಪ್ಪೂ 0.8, ತಂತಿ 0.9 ಇದ್ದರೆ ಟಿಪ್ಪೂ 0.9. ಬಿಗಿ ಪರೀಕ್ಷಿಸಲು ಕೈಗವಸು ತೊಟ್ಟು, ಟಾರ್ಚನ್ನು ಒಣ ಕಟ್ಟಿಗೆಯ ಕಡೆ ಓರೆಯಾಗಿ ಹಿಡಿದು ತಂತಿ ಬಿಡಿ. ತಂತಿ ಬಾಗಿ ಸುರುಳಿಯಾಗಿ ಬರುತ್ತಿದ್ದರೆ ಸರಿ. ರೋಲರ್ ಜಾರಿದರೆ ತುಸು ಬಿಗಿ ಮಾಡಿ. ಪೊಳ್ಳು ತಂತಿಯನ್ನು ಅತಿಯಾಗಿ ಬಿಗಿದರೆ ಚಪ್ಪಟೆಯಾಗಿ ಟಿಪ್ಪಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಅನಿಲದ ಹರಿವು ನಿಮಿಷಕ್ಕೆ 10–15 ಲೀಟರ್ ಸಾಕು. ಟಿಪ್ಪಿನಿಂದ ಹೊರಗಿರುವ ತಂತಿ ಗಟ್ಟಿಯದಾದರೆ ಸುಮಾರು 10 ಮಿ.ಮೀ., ಪುಡಿಯದಾದರೆ 15–20 ಮಿ.ಮೀ. ಇರಲಿ. ಉಕ್ಕಿನ ದಪ್ಪ 1 ಮಿ.ಮೀ.ಗೆ ಸುಮಾರು 40 ಆಂಪಿಯರ್ ಲೆಕ್ಕದಲ್ಲಿ ಶುರುಮಾಡಿ, ಅಂದರೆ 3 ಮಿ.ಮೀ. ಪಟ್ಟಿಗೆ 120ರ ಸುಮಾರು. ತಂತಿಯ ವೇಗ ಸರಿಯಿದ್ದರೆ ಬಾಣಲೆಯಲ್ಲಿ ಮಿರ್ಚಿ ಕರಿಯುವಂಥ ಒಂದೇ ಸಮನಾದ ಸದ್ದು ಕೇಳುತ್ತದೆ. ತಂತಿ ಕೈಯನ್ನು ಹಿಂದಕ್ಕೆ ನೂಕಿದರೆ ವೇಗ ಹೆಚ್ಚಾಗಿದೆ. ಟಿಪ್ಪಿಗೇ ಅಂಟಿಕೊಂಡರೆ ಕಡಿಮೆಯಾಗಿದೆ. ಪಂಪ್‌ಸೆಟ್ಟಿನಿಂದ ಉದ್ದನೆಯ ಸಪೂರ ವೈರ್ ಎಳೆದು ಯಂತ್ರ ನಡೆಸಿದರೆ ವೋಲ್ಟೇಜ್ ಇಳಿದು ಯಾವ ಹೊಂದಾಣಿಕೆಯೂ ನಿಲ್ಲದು.

ಯಾವುದನ್ನು ಬೆಸೆಯಬಾರದು

ಕುಂಟೆಯ ಚೌಕಟ್ಟು, ಕೂರಿಗೆಯ ಮೆದು ಉಕ್ಕಿನ ಭಾಗಗಳು ಈ ತಂತಿಗಳಿಗೆ ಒಗ್ಗುತ್ತವೆ. ಹಳೆಯ ಗಾಡಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಕುಡ ಹಾಗಲ್ಲ. ಅದರಲ್ಲಿ ಇಂಗಾಲ ಹೆಚ್ಚು. ಬೇಗ ತಣಿದರೆ ಬೆಸುಗೆಯ ಪಕ್ಕದಲ್ಲೇ ಪೆಡಸಾಗಿ ಸೀಳುತ್ತದೆ. ಅದನ್ನು ಬೋಲ್ಟಿನಿಂದ ಕೂರಿಸುವುದು, ಇಲ್ಲವೆ ಕಂಬಾರರ ಕುಲುಮೆಗೆ ಒಯ್ಯುವುದು ಮೇಲು. ಸತುವಿನ ಲೇಪವಿರುವ ಪೈಪಿನಿಂದ ಏಳುವ ಬಿಳಿ ಹೊಗೆ ಜ್ವರ, ಮೈಕೈ ನೋವು ತರುತ್ತದೆ. ಲೇಪ ಉಜ್ಜಿ ತೆಗೆದು, ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಓರೆಯಾಗಿ ನಿಲ್ಲಬೇಕು. ಮುಖಕ್ಕೆ 10ನೇ ನಂಬರಿನ ಗಾಜು ಬೇಕು. ನೋಡುತ್ತ ನಿಂತ ಮಕ್ಕಳನ್ನು ದೂರ ಕಳಿಸಬೇಕು. ಮೇವಿನ ಬಣವೆಯ ಹತ್ತಿರ ಈ ಕೆಲಸ ಸಲ್ಲದು.

ಹೊಸ ಜೋಡಣೆಯನ್ನು ಮೊದಲು ಅಷ್ಟೇ ದಪ್ಪದ ಗುಜರಿ ಪಟ್ಟಿಗಳ ಮೇಲೆ ಪರೀಕ್ಷಿಸಿ. ಬೆಸೆದ ತುಂಡನ್ನು ವೈಸ್‌ನಲ್ಲಿ ಕಚ್ಚಿಸಿ ಸುತ್ತಿಗೆಯಿಂದ ಬಡಿಯಿರಿ. ಬೆಸುಗೆ ಸಿಪ್ಪೆಯಂತೆ ಎದ್ದರೆ ಆಂಪಿಯರ್ ಸಾಲದು ಅಥವಾ ಧ್ರುವ ತಪ್ಪಿದೆ. ಉಳಿದ ಸುರುಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಣ ಜಾಗದಲ್ಲಿಡಿ. ಮಳೆಗಾಲದ ತೇವ ಹಿಡಿದು ತುಕ್ಕು ಬಂದ ತಂತಿಯನ್ನು ಮತ್ತೆ ಬಳಸಬೇಡಿ.