ಮೂರು ನೀರಿನ ಗಸಿ

ಮಗಾ, ಮೊನ್ನೆ ಗುರುವಾರ ರಾತ್ರಿ ಐರೋಲಿಯ ಆಫೀಸಿನಿಂದ ಹೊರಡುವಾಗ ಫೋನ್ ಮಾಡಿ, "ಅಜ್ಜ, ಶನಿವಾರ ಊಟಕ್ಕೆ ಗೆಳೆಯರು ಬರ್ತಾರೆ, ಕಣಿಲೆ ಗಸಿ ಹೇಗೆ ಮಾಡೋದು ಅಂತ ವಾಟ್ಸಾಪ್ ಮಾಡಿ" ಅಂದೆಯಲ್ಲ, ನನಗೆ ನಗು ತಡೆಯಲಾಗಲಿಲ್ಲ. ಕಣಿಲೆ ಇನ್ನೂ ಮನೆಗೆ ಬಂದಿಲ್ಲ, ಉಣ್ಣುವವರನ್ನು ಕರೆದಾಗಿದೆ! ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದು ನಿನ್ನ ಹಳೇ ಚಾಳಿ. ಕೈಯಲ್ಲಿ ರುಚಿ ಇದೆ, ಇಲ್ಲ ಅನ್ನುವುದಿಲ್ಲ. ಕಾಲಿಗೆ ಮಾತ್ರ ಚಕ್ರ.

ಮೊದಲು ಊಟವನ್ನು ಮುಂದಿನ ಭಾನುವಾರಕ್ಕೆ ಹಾಕು. ಗುರುವಾರ ಕಣಿಲೆ ಹೆಚ್ಚಿ ನೀರಿಗೆ ಹಾಕಿದರೆ ಶುಕ್ರವಾರ ಒಮ್ಮೆ, ಶನಿವಾರ ಒಮ್ಮೆ ನೀರು ಬದಲಿಸಿ, ಭಾನುವಾರ ಬೆಳಿಗ್ಗೆ ಮೂರನೆಯ ನೀರು ಚೆಲ್ಲಿ ಒಲೆಗೆ ಇಡಬಹುದು. ಇದರಲ್ಲಿ ಒಳದಾರಿ ಇಲ್ಲ.

ಕಣಿಲೆ ಎಲ್ಲಿ ಸಿಗುತ್ತದೆ ಅಂತ ಆ್ಯಪಿನಲ್ಲಿ ಹುಡುಕಬೇಡ. ಮಳೆ ಹಿಡಿದ ಮೇಲೆ ಮುರ್ಬಾಡ್, ಶಹಾಪುರದ ಕಡೆಯ ಆದಿವಾಸಿ ಹೆಂಗಸರು ಕಲ್ಯಾಣದಲ್ಲೂ ನಮ್ಮ ಡೊಂಬಿವಲಿಯಲ್ಲೂ ಕಾಡಿನ ಸೊಪ್ಪು ತರಕಾರಿ ಹಾಸಿಕೊಂಡು ಕೂರುತ್ತಾರೆ. ಅವರ ಹತ್ತಿರ ಬ್ಯಾಂಬೂ ಶೂಟ್ ಅನ್ನಬೇಡ, 'ವಾಸ್ತೆ' ಅಂತ ಕೇಳು. ನಾವು ಕಣಿಲೆ ಅನ್ನುವುದನ್ನು ಮಲೆನಾಡಿನವರು ಕಳಲೆ ಅನ್ನುತ್ತಾರೆ, ಕೊಡಗಿನವರು ಬೈಂಬಳೆ. ಬುಡಕ್ಕೆ ಉಗುರು ಒತ್ತಿ ನೋಡು, ಇಳಿದರೆ ಎಳೆಯದು. ಚೌಕಾಸಿಗೆ ಮಾತ್ರ ಇಳಿಯಬೇಡ, ಮಾರಾಯ. ಒಂದು ಲೋಟ ಕಾಫಿಗೆ ಇನ್ನೂರೈವತ್ತು ಎಣಿಸುವ ಜನ ನೀವು.

ಸಿಪ್ಪೆ ಸುಲಿದು, ಗಟ್ಟಿ ಗಂಟು ಬಿಸಾಡಿ, ತೆಳ್ಳಗೆ ಹೆಚ್ಚು. ಹಸಿ ಕಣಿಲೆಯಲ್ಲಿ ಸೈನೈಡ್ ಬಿಡುವ ಅಂಶ ಇದೆ ಅಂತ ನೀನೇ ಹೋದ ವರ್ಷ ಫೋನ್ ನೋಡಿ ನನ್ನನ್ನು ಹೆದರಿಸಿದ್ದೆ. ಹೌದು, ಹೆಚ್ಚಿ ನೆನೆಸಿ, ಬೇಯಿಸಿ, ಆ ನೀರನ್ನೂ ಚೆಲ್ಲಿದರೆ ಅದು ಹೋಗುತ್ತದೆ. ನನ್ನ ಅಜ್ಜಿ ಸೈನೈಡಿನ ಹೆಸರು ಕೇಳಿದವಳಲ್ಲ. "ಮೂರು ನೀರು ಕಾಣದ ಕಣಿಲೆ ಗಂಟಲು ಕಾಣಬಾರದು" ಅನ್ನುತ್ತಿದ್ದಳು, ಅಷ್ಟೇ.

ನಾನೂ ಅವಸರ ಮಾಡಿದವನೇ. ಹದಿನಾಲ್ಕನೇ ವಯಸ್ಸಿಗೆ ಕಾರ್ಕಳ ಬಿಟ್ಟು ಬೊಂಬಾಯಿಗೆ ಬಂದೆ. ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವುದು, ಸಂಜೆ ಕನ್ನಡ ರಾತ್ರಿ ಶಾಲೆ. ಕೋಣೆಯಲ್ಲಿ ಏಳು ಜನ. ಒಂದು ಆಟಿ ತಿಂಗಳಲ್ಲಿ ಊರ ನೆನಪು ಉಕ್ಕಿ ಬಂದು, ಕಣಿಲೆ ತಂದು, ಒಂದೇ ರಾತ್ರಿ ನೆನೆಸಿ ಬೇಯಿಸಿದೆ. ಅದರ ಮುಂದೆ ಹಾಗಲಕಾಯಿ ಸಕ್ಕರೆ! ಏಳೂ ಜನ ಉಪ್ಪಿನಕಾಯಿ ನೆಂಚಿಕೊಂಡು ಅನ್ನ ಉಂಡೆವು. ಊರಿಗೆ ಹೋದಾಗ ಅಜ್ಜಿಗೆ ಹೇಳಿದರೆ ಅವಳು ಕೇಳಿದ್ದು ಒಂದೇ: "ಬೊಂಬಾಯಿಯಲ್ಲಿ ನೀರಿಗೆ ಬರಗಾಲವಾ?"

ಕಣಿಲೆ ನೆನೆಸಿದ ಎರಡನೆಯ ದಿನದ ಹೊತ್ತಿಗೆ ಹುಳಿ ವಾಸನೆ ಏಳುತ್ತದೆ, ಹೆದರಬೇಡ. ಪಕ್ಕದ ಮನೆಯ ಕಾಕು ಮೊದಲ ವರ್ಷ ಬೆಲ್ ಒತ್ತಿ, ಗ್ಯಾಸ್ ಲೀಕ್ ಆಗುತ್ತಿದೆಯಾ ನೋಡಿ ಅಂದಿದ್ದಳು.

ಅದೇ ಕಾಕುವಿನ ಕಥೆ ಕೇಳು. 2005ರ ಜುಲೈ 26. ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿದ ಮಳೆ. ನಿನ್ನಪ್ಪ ರಾತ್ರಿಯಿಡೀ ನಿಂತ ಲೋಕಲ್ಲಿನಲ್ಲಿ. ಕೆಳಗಿನ ಮನೆಯವರು ಹಾಸಿಗೆ, ರೇಷನ್ ಡಬ್ಬ ಹೊತ್ತು ನಮ್ಮಲ್ಲಿಗೆ ಬಂದರು. ಕರೆಂಟಿಲ್ಲ, ನಲ್ಲಿಯಲ್ಲಿ ತೊಟ್ಟು ನೀರಿಲ್ಲ, ಪಾತ್ರೆಯಲ್ಲಿ ಎರಡು ದಿನದ ಕಣಿಲೆ. ನಿನ್ನ ಅಜ್ಜಿ ಗ್ಯಾಲರಿಯಲ್ಲಿ ಬಕೆಟ್ ಇಟ್ಟು ಹಿಡಿದ ಮಳೆನೀರೇ ಅದರ ಮೂರನೆಯ ನೀರಾಯಿತು. ಮರುದಿನ ಮಂಚದ ಕೆಳಗಿಂದ ಕಡೆಯುವ ಕಲ್ಲು ಎಳೆದರೆ, ತೆಂಗಿನಕಾಯಿ ಕಡೆಯಲು ಎದುರು ಕೂತದ್ದು ಕಾಕು. ಬಳೆ ಮೇಲೆ ಸರಿಸಿಕೊಂಡು ಗುಂಡುಕಲ್ಲು ತಿರುಗಿಸಿದಳು. ನಿನ್ನಪ್ಪ ಹಳಿ ಮೇಲೆ ನಡೆದುಕೊಂಡು ಬಂದು, ಒದ್ದೆ ಬಟ್ಟೆಯಲ್ಲೇ ತಟ್ಟೆ ಮುಂದೆ ಕೂತ. ಅಂದಿನಿಂದ ಮಳೆ ಶುರುವಾದರೆ ಸಾಕು, ಕಾಕುವೇ ಕೇಳುತ್ತಾಳೆ, ಈ ವರ್ಷ ವಾಸನೆ ಯಾವಾಗ ಅಂತ.

ಇನ್ನು ಅಡುಗೆ. ಬೆಂದ ಕಣಿಲೆ ಎರಡು ಲೋಟ, ಹೆಸರುಕಾಳು ಒಂದು ಲೋಟ. ನಾವು ಪದೆಂಗಿ ಅನ್ನುವುದು ಇದನ್ನೇ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸು. ಕುಕ್ಕರಿನಲ್ಲಿ ಕೂಗಿಸಿ ಮುದ್ದೆ ಮಾಡಬೇಡ. ತೆರೆದ ಪಾತ್ರೆಯಲ್ಲಿ ಬೇಯಲಿ, ಕಾಳು ಕಾಳಾಗಿಯೇ ಉಳಿಯಲಿ. ಎಂಟು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಎಣಿಸಿ ಹತ್ತು ಕಾಳು ಮೆಂತೆ ಹುರಿದು, ಅರ್ಧ ತೆಂಗಿನಕಾಯಿ ತುರಿಯ ಜೊತೆ ನುಣ್ಣಗೆ ರುಬ್ಬು. ಬೆಂದ ಕಾಳಿಗೆ ಕಣಿಲೆಯನ್ನೂ ಈ ಮಸಾಲೆಯನ್ನೂ ಸೇರಿಸಿ ಕುದಿಸು. ಹುಣಸೆಹಣ್ಣಿಗೆ ಕೈ ಹಾಕುವ ಮೊದಲು ಎರಡು ಮಾತು ನೆನಪಿರಲಿ. ಕಾಳು ಬೇಯುವ ಮೊದಲೇ ಹುಳಿ ಬಿದ್ದರೆ ಅದು ಮತ್ತೆ ಮೆತ್ತಗಾಗಲು ಸತಾಯಿಸುತ್ತದೆ. ಕಣಿಲೆಗೆ ನೀರಿನಲ್ಲೇ ಹುಳಿ ಹತ್ತಿರುತ್ತದೆ, ಹಾಗಾಗಿ ಮೊದಲು ನಾಲಿಗೆಗೆ ಹಚ್ಚಿ ನೋಡು. ಕೊನೆಗೆ ತೆಂಗಿನೆಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಸಾಸಿವೆ, ಕರಿಬೇವಿನ ಒಗ್ಗರಣೆ. ಬೆಳ್ಳುಳ್ಳಿ ಕೆಂಪಾಗಬೇಕು, ಕಪ್ಪಲ್ಲ. ಆಗ ಫೋನ್ ಬಂದರೆ ಎತ್ತಬೇಡ.

ಗೆಳೆಯರು ಒಂದೇ ಹೊತ್ತಿಗೆ ಪಾತ್ರೆ ಬಳಿಯಲು ಬಿಡಬೇಡ. ಮರುದಿನದ ಗಸಿಗೆ ರುಚಿ ಜಾಸ್ತಿ, ನೀರುದೋಸೆ ಜೊತೆಗಂತೂ ಕೇಳಬೇಡ. ಒಂದು ಸೌಟು ನನಗೂ ಎತ್ತಿಡು. ತರುವಾಗ ಗಣೇಶ ಚೌತಿಗೆ ಒಯ್ದ ಆ ಸ್ಟೀಲ್ ಡಬ್ಬಿಯಲ್ಲೇ ತಾ. ನಿನ್ನ ಅಜ್ಜಿ ಅದನ್ನು ಇನ್ನೂ ಮರೆತಿಲ್ಲ.