ಬ್ಯಾರನ್ ಬಿಸಿಯೇರುತ್ತಿಲ್ಲವೇ? ಸೌದೆ ತಳ್ಳುವ ಮುಂಚೆ ಇಷ್ಟು ನೋಡಿ

ಒಲೆಯಲ್ಲಿ ಸೌದೆ ಧಗಧಗ ಉರಿಯುತ್ತಿದೆ, ಒಳಗಿನ ಥರ್ಮಾಮೀಟರ್ ಮಾತ್ರ 120 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಬ್ಯಾರನ್‌ನಲ್ಲಿ, ಅಂದರೆ ಸೊಪ್ಪು ಒಣಗಿಸುವ ಮನೆಯಲ್ಲಿ, ಹೊಗೆಸೊಪ್ಪು ಬೇಯಿಸುವವರಿಗೆ ಈ ಪಾಡು ಹೊಸದಲ್ಲ. ಇಂಥ ಹೊತ್ತಲ್ಲಿ ಕೈ ತಾನಾಗಿ ಸೌದೆ ರಾಶಿಯ ಕಡೆ ಹೋಗುತ್ತದೆ. ಒಂದು ಕಿಲೋ ಬೆಂದ ಸೊಪ್ಪಿಗೆ ಹೆಚ್ಚುಕಡಿಮೆ 4ರಿಂದ 5 ಕಿಲೋ ಸೌದೆ ಬೇಕು. ಶಾಖ ಸೋರುವ ಬ್ಯಾರನ್‌ಗೆ ಎಷ್ಟು ಸುರಿದರೂ ಸಾಲದು. ಮೊದಲ ಸಲ ಬ್ಯಾರನ್ ನೋಡಿಕೊಳ್ಳುತ್ತಿರುವವರು ಕೆಳಗಿನ ಕೆಲಸಗಳನ್ನು ಸೊಪ್ಪು ಮುರಿಯುವ ಮುಂಚೆ, ಜೂನ್‌ನಲ್ಲೇ, ಖಾಲಿ ಬ್ಯಾರನ್‌ನಲ್ಲಿ ಮಾಡಿ ಮುಗಿಸಿಕೊಳ್ಳುವುದು ಒಳ್ಳೆಯದು.

ಶಾಖದ ಲೆಕ್ಕ ತಲೆಯಲ್ಲಿರಲಿ. ಸೊಪ್ಪು ಹಳದಿಗೆ ತಿರುಗುವಾಗ 90ರಿಂದ 100 ಡಿಗ್ರಿ ಸಾಕು. ಬಣ್ಣ ನಿಲ್ಲಿಸಿ ಎಲೆ ಒಣಗಿಸಲು ಅಲ್ಲಿಂದ ನಿಧಾನವಾಗಿ 130ರವರೆಗೆ ಏರಿಸಬೇಕು. ನಡುದಿಂಡು ಒಣಗಲು 160ರ ತನಕ ಹೋಗಬೇಕು. ದಿಂಡು ಒಣಗುವ ಹೊತ್ತಿಗೆ ಶಾಖ ಕುಸಿದರೆ ದಿಂಡಿನ ನೀರು ಎಲೆಗೆ ವಾಪಸ್ ಹರಿದು ಕಂದು ಕಲೆ ಬೀಳುತ್ತದೆ. ಐದಾರು ದಿನ ನಿದ್ದೆಗೆಟ್ಟು ಬೇಯಿಸಿದ ಸೊಪ್ಪು ಹರಾಜು ಕಟ್ಟೆಯಲ್ಲಿ ಕೆಳದರ್ಜೆಗೆ ಹೋಗುವುದು ಹೀಗೆ.

1. ರೋಗ ಎಲ್ಲಿದೆ, ಗುರುತಿಸಿ
ಮೊದಲು ಥರ್ಮಾಮೀಟರನ್ನೇ ಅನುಮಾನಿಸಿ. ಇನ್ನೊಂದನ್ನು ಪಕ್ಕದಲ್ಲಿ ತೂಗುಹಾಕಿ, ಎರಡೂ ಒಂದೇ ಅಂಕಿ ತೋರಿಸುತ್ತವೆಯೇ ನೋಡಿ. ಅದು ಸರಿಯಿದ್ದರೆ ಒಲೆಗೆ ಬೆಂಕಿ ಹಾಕಿ, ಮುಂದೆ ಕೂತು ಗಮನಿಸಿ. ಹೊಗೆ ಒಲೆಬಾಯಿಂದ ಹಿಂದಕ್ಕೆ ನುಗ್ಗುತ್ತಿದ್ದರೆ ಒಲೆಯಿಂದ ಬ್ಯಾರನ್ ಒಳಗೆ ಹಾದು ಚಿಮಣಿ ಸೇರುವ ಪೈಪ್ ಅಥವಾ ಚಿಮಣಿಯೇ ಕಟ್ಟಿಕೊಂಡಿರಬೇಕು. ಉರಿ ಚೆನ್ನಾಗಿದ್ದೂ ಒಳಗೆ ತಣ್ಣಗಿದ್ದರೆ ಪೈಪ್ ಒಳಗೆ ಮಸಿ ಕೂತಿರಬೇಕು, ಇಲ್ಲವೇ ಗೋಡೆ, ಸೂರು, ಕಿಂಡಿಗಳಲ್ಲಿ ಶಾಖ ಸೋರುತ್ತಿರಬೇಕು. ಬ್ಯಾರನ್ ಒಳಗೇ ಹೊಗೆ ವಾಸನೆ ಬಂದರೆ ಪೈಪ್ ತೂತಾಗಿದೆ. ಆಗ ಒಳಗೆ ಹೋಗಬೇಡಿ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವ ತೆಗೆಯುತ್ತದೆ.

2. ಮಸಿ ತೆಗೆಯಿರಿ
ಬೆಂಕಿ ಆರಿಸಿ, ಒಂದು ರಾತ್ರಿ ಪೂರ್ತಿ ತಣ್ಣಗಾಗಲು ಬಿಡಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಪೈಪ್‌ನ ತಿರುವುಗಳಲ್ಲಿರುವ ಮುಚ್ಚಳ ಬಿಚ್ಚಿ. ಉದ್ದನೆಯ ಬಿದಿರ ಗಳುವಿನ ತುದಿಗೆ ಗೋಣಿತಾಟು ಸುತ್ತಿ ಒಳಗೆ ಎಳೆದಾಡಿದರೆ ಮಸಿ, ಬೂದಿ ಉದುರುತ್ತದೆ. ತಗಡಿನ ಒಳಮೈಗೆ ಮಸಿಯ ಪದರ ಕೂತರೆ ಬಿಸಿ ಹೊರಕ್ಕೆ ದಾಟದೆ ನೇರ ಚಿಮಣಿ ಹಿಡಿದು ಹೋಗಿಬಿಡುತ್ತದೆ. ಚಿಮಣಿಯ ತುದಿಯನ್ನೂ ಬಿಡಬೇಡಿ. ವರ್ಷದ ಅರ್ಧಭಾಗ ಸುಮ್ಮನೆ ನಿಂತ ಚಿಮಣಿಯಲ್ಲಿ ಹಕ್ಕಿ ಗೂಡು ಕಟ್ಟಿರುವುದುಂಟು.

3. ತೂತು ಹುಡುಕಿ
ಇದಕ್ಕೆ ಕತ್ತಲಾದ ಮೇಲಿನ ಹೊತ್ತು ಸರಿ. ಸಣ್ಣ ಟಾರ್ಚನ್ನು ಅದೇ ಗಳುವಿನ ತುದಿಗೆ ಕಟ್ಟಿ, ಹೊತ್ತಿಸಿ, ಪೈಪ್ ಒಳಗೆ ಮೆಲ್ಲಗೆ ತಳ್ಳುತ್ತಾ ಹೋಗಿ. ಬಾಗಿಲು ಹಾಕಿದ ಬ್ಯಾರನ್‌ನಲ್ಲಿ ಇನ್ನೊಬ್ಬರು ನೋಡುತ್ತಿರಲಿ. ತುಕ್ಕು ತಿಂದ ಕಡೆಯೆಲ್ಲ ಸೂಜಿಮೊನೆಯಷ್ಟು ಬೆಳಕು ಕಾಣುತ್ತದೆ, ಅಲ್ಲಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಲಿ. ಒಂದೆರಡು ತೂತಿದ್ದರೆ ತಗಡಿನ ಪಟ್ಟಿ ಸುತ್ತಿ, ತಂತಿ ಬಿಗಿದು, ಸಂದಿಗೆ ಜೇಡಿಮಣ್ಣು ಮೆತ್ತಿದರೆ ಈ ವರ್ಷ ನಡೆಯುತ್ತದೆ. ಬೆರಳಲ್ಲಿ ಒತ್ತಿದರೆ ಕುಸಿಯುವ ಪೈಪ್‌ಗೆ ತೇಪೆ ಹಾಕುವುದು ದಂಡ, ಆ ತುಂಡನ್ನೇ ಬದಲಿಸಿ. ಒಲೆಗೆ ಅಂಟಿದ ಮೊದಲ ತುಂಡಿಗೆ ಜಿ.ಐ. ತಗಡು ಬೇಡ. ಅದರ ಸತುವಿನ ಲೇಪ ಅಷ್ಟು ಶಾಖ ತಡೆಯುವುದಿಲ್ಲ, ಅದರ ಹೊಗೆಯೂ ಕೆಟ್ಟದ್ದು. ಕಪ್ಪು ಕಬ್ಬಿಣದ ದಪ್ಪ ತಗಡೇ ಸರಿ.

4. ಇಳಿಜಾರು ಅಳೆಯಿರಿ
ಬಹಳ ಜನ ಮರೆಯುವುದು ಇದನ್ನೇ. ಒಲೆಯಿಂದ ಚಿಮಣಿಯ ಕಡೆಗೆ ಪೈಪ್ ಸ್ವಲ್ಪ ಸ್ವಲ್ಪ ಮೇಲೇರುತ್ತಾ ಹೋಗಬೇಕು. ಆನಿಸಿದ ಕಲ್ಲು ಮಳೆಗೆ ಕುಸಿದು ನಡುವೆ ತಗ್ಗಾದರೆ ಬಿಸಿಗಾಳಿಯ ಸೆಳೆತ ಸತ್ತುಹೋಗುತ್ತದೆ. ದಾರ ಎಳೆದು ನೋಡಿ, ತಗ್ಗಿದ ಕಡೆ ಕಲ್ಲೋ ಇಟ್ಟಿಗೆಯೋ ಕೊಟ್ಟು ಎತ್ತಿ.

5. ಒಲೆ
ಕಬ್ಬಿಣದ ಜಾಲರಿಯ ಸಂದಿ ಬಿಡಿಸಿ, ಕೆಳಗಿನ ಬೂದಿ ತೆಗೆಯಿರಿ. ಒಲೆಯೂ ಪೈಪೂ ಸೇರುವ ಕಡೆಯ ಬಿರುಕಿಗೆ ಮಣ್ಣು ಮೆತ್ತಿ. ಹಸಿ ಸೌದೆಯ ಶಕ್ತಿಯಲ್ಲಿ ಒಂದು ಪಾಲು ಅದರೊಳಗಿನ ನೀರು ಆವಿಯಾಗುವುದಕ್ಕೇ ಹೋಗುತ್ತದೆ. ಬೇಸಿಗೆಯಲ್ಲೇ ಸೀಳಿ ಒಣಗಿಸಿದ್ದನ್ನೇ ಇಡಿ.

6. ಹಗಲಲ್ಲಿ ಕತ್ತಲೆ ಮಾಡಿ
ನಡುಮಧ್ಯಾಹ್ನ ಖಾಲಿ ಬ್ಯಾರನ್ ಒಳಗೆ ನಿಂತು ಬಾಗಿಲು, ಕಿಂಡಿ ಎಲ್ಲ ಮುಚ್ಚಿಸಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಬಿಸಿಲು ಇಣುಕುವ ಜಾಗವೆಲ್ಲ ಶಾಖ ಹೊರಗೆ ಹೋಗುವ ಜಾಗವೇ. ಸರಿದ ಹೆಂಚು, ಗೋಡೆಯ ಸೀಳು, ಬಾಗಿಲ ಕೆಳಸಂದಿ, ಪೂರ್ತಿ ಮುಚ್ಚದ ಮೇಲ್ಗಿಂಡಿ, ಒಂದೊಂದನ್ನೂ ಸರಿಪಡಿಸಿ. ಕಿಂಡಿಗಳನ್ನು ಶಾಶ್ವತವಾಗಿ ಮುಚ್ಚಿಬಿಡಬೇಡಿ, ಎಲೆಯ ತೇವ ಹೊರಹೋಗಲು ಅವು ಬೇಕೇ ಬೇಕು.

7. ಒಣ ಪರೀಕ್ಷೆ
ಸೊಪ್ಪು ಏರಿಸುವ ಮುಂಚೆ ಖಾಲಿ ಬ್ಯಾರನ್‌ಗೆ ಬೆಂಕಿ ಹಾಕಿ, ಹೊರಗಿನಿಂದಲೇ ಥರ್ಮಾಮೀಟರ್ ನೋಡುತ್ತಾ ಅರ್ಧ ಗಂಟೆಗೊಮ್ಮೆ ಅಂಕಿ ಬರೆದಿಡಿ. ಮುಂದಿನ ವರ್ಷ ಹೋಲಿಸಿ ನೋಡಲು ಆ ಚೀಟಿ ಬೇಕಾಗುತ್ತದೆ. ಪೈಪ್‌ಗಳ ಮೇಲಿನ ತಂತಿಬಲೆ ಹರಿದಿದ್ದರೆ ಈಗಲೇ ಹೊಸದು ಹಾಕಿ. ಒಣಗಿದ ಒಂದು ಎಲೆ ಸೊಪ್ಪು ಕಟ್ಟಿದ ಕಡ್ಡಿಯಿಂದ ಜಾರಿ ಕಾದ ಪೈಪ್ ಮೇಲೆ ಬಿದ್ದರೆ ಇಡೀ ಬ್ಯಾರನ್ ಹೊತ್ತಿ ಉರಿಯಬಹುದು.

ಸೊಪ್ಪು ಬೇಯುತ್ತಿರುವಾಗಲೇ ಶಾಖ ನಿಂತರೆ ಹೊರಗಿನಿಂದ ಆಗುವುದನ್ನಷ್ಟೇ ಮಾಡಿ: ಬೂದಿ ಎಳೆಯಿರಿ, ಜಾಲರಿ ಬಿಡಿಸಿ, ಒಣ ಸೌದೆ ಹಾಕಿ, ಬಾಗಿಲ ಸಂದಿಗೆ ಒದ್ದೆ ಮಣ್ಣು ಮೆತ್ತಿ, ಮೇಲ್ಗಿಂಡಿ ಅರ್ಧ ಇಳಿಸಿ. ಅಷ್ಟಕ್ಕೂ ಏರದಿದ್ದರೆ ಪಕ್ಕದವರ ಬ್ಯಾರನ್ ಖಾಲಿ ಇದೆಯೇ ವಿಚಾರಿಸಿ. ಬೆಂಕಿ ಪೂರ್ತಿ ಆರಿ, ಬಾಗಿಲು ತೆರೆದು, ಗಾಳಿಯಾಡಿದ ಮೇಲೆ ಕಡ್ಡಿಗಳನ್ನು ಅಲ್ಲಿಗೆ ಸಾಗಿಸಬಹುದು.