ಮರಿನಾಯಿಗೆ ಅಂಗಳದ ಗಡಿ ಕಲಿಸುವುದು ಹೀಗೆ

ಮುಧೋಳ ತಳಿಯದಾಗಲಿ, ಬೀದಿಯಿಂದ ತಂದದ್ದಾಗಲಿ, ಮನೆಗೆ ಬಂದ ಕೆಲವೇ ದಿನಗಳಲ್ಲಿ ಮರಿ ಬೇಲಿಯ ಕಂಡಿ ಎಲ್ಲಿದೆ, ಗೇಟಿನ ಸಂದಿ ಎಷ್ಟಿದೆ ಎಂದು ಪತ್ತೆ ಹಚ್ಚುತ್ತದೆ. ಹೊರಗೆ ವಾಹನಗಳಷ್ಟೇ ಅಲ್ಲ, ಪಾರ್ವೊ ಎಂಬ ವೈರಸ್ ಸೋಂಕಿನ ಭಯವೂ ಇದೆ. ಅದರ ಲಸಿಕೆಯ ಸರಣಿ 6ರಿಂದ 8 ವಾರಕ್ಕೆ ಶುರುವಾಗಿ ಮುಗಿಯುವಾಗ ಸುಮಾರು 16 ವಾರವಾಗಿರುತ್ತದೆ. ಹಾಗಾಗಿ ಮೊದಲು ಸಂದಿಗಳಿಗೆ ತಂತಿಬಲೆ ಬಿಗಿಯಿರಿ. ಪಾಠ ಆಮೇಲೆ.

ಬೇಲಿಯಿಂದ ನಾಲ್ಕೈದು ಅಡಿ ಒಳಗೆ ಕಡ್ಡಿಗಳನ್ನು ನೆಟ್ಟು ಬಟ್ಟೆಯ ತುಂಡು ಕಟ್ಟಿ. ಕೊರಳಪಟ್ಟಿಗೆ 15 ಅಡಿಯ ಹಗುರ ಹಗ್ಗ ಹಾಕಿ ಮರಿಯೊಂದಿಗೆ ಆ ಸಾಲಿನುದ್ದಕ್ಕೂ ನಡೆಯಿರಿ. ಅದು ಬಟ್ಟೆಯ ಹತ್ತಿರ ಹೋದೊಡನೆ, ದಾಟುವ ಮೊದಲೇ, ಹೆಸರು ಹಿಡಿದು ಕರೆದು ನೀವು ಮನೆಯತ್ತ ತಿರುಗಿ. ಅದೂ ತಿರುಗಿತೇ? ಆ ಕ್ಷಣವೇ ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಕೋಳಿಯ ಚೂರು ಕೊಡಿ. ತಡವಾದರೆ ಯಾವುದಕ್ಕೆ ಸಿಕ್ಕಿತೆಂದು ಮರಿಗೆ ತಿಳಿಯದು. ಒಮ್ಮೆಗೆ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ ಸಾಕು. ಮನೆಯವರೆಲ್ಲ ಕರೆಯಲು ಒಂದೇ ಮಾತು ಬಳಸಬೇಕು. ಕರೆದಾಗ ಬಂದ ಮರಿಯನ್ನು ಯಾವ ಕಾರಣಕ್ಕೂ ಗದರಬೇಡಿ, ಮುಂದಿನ ಸಲ ಅದು ಬರುವುದಿಲ್ಲ.

ಬಟ್ಟೆ ಕಂಡೊಡನೆ ತಾನಾಗಿ ತಿರುಗುವುದು ರೂಢಿಯಾದ ಮೇಲೆ ಆಚೆ ಯಾರನ್ನಾದರೂ ನಡೆದಾಡಲು ಹೇಳಿ, ಚೆಂಡು ಉರುಳಿಸಿ, ಪರೀಕ್ಷಿಸಿ. ಇದರಲ್ಲೂ ಗೆದ್ದರೆ ಹಗ್ಗ ಬಿಚ್ಚಬಹುದು. ಬಟ್ಟೆಗಳನ್ನು ಒಂದೊಂದಾಗಿ, ವಾರಗಳ ಅಂತರದಲ್ಲಿ ತೆಗೆಯಿರಿ. ಶಾಕ್ ಕೊಡುವ ಪಟ್ಟಿಗಳನ್ನು ನಾನು ಒಪ್ಪುವುದಿಲ್ಲ. ಬೆದರಿದ ನಾಯಿ ನೋವು ಸಹಿಸಿ ಆಚೆ ಹಾರುತ್ತದೆ, ಮತ್ತೆ ಅದೇ ನೋವಿಗೆ ಅಂಜಿ ಒಳಗೆ ಬರುವುದಿಲ್ಲ.

ಗಡಿಯ ಪಾಠದ ಜೊತೆಗೆ ಶಾಂತವಾಗಿರುವುದನ್ನೂ ಮರಿಗೆ ಕಲಿಸಬೇಕು. ಸಂಜೆಯಾಗುತ್ತಲೇ ಅದು ಹುಚ್ಚೆದ್ದು ಓಡಿ, ಲುಂಗಿ, ಸೀರೆಯ ಅಂಚು ಕಚ್ಚುತ್ತದೆಯೇ? ಹಲವು ಬಾರಿ ಅದು ತುಂಟತನವಲ್ಲ, ನಿದ್ದೆಗೆಟ್ಟಿರುವುದು. ಮರಿಗೆ ದಿನಕ್ಕೆ 18 ತಾಸಿನಷ್ಟು ನಿದ್ದೆ ಬೇಕು, ಮಕ್ಕಳು ಎಬ್ಬಿಸುತ್ತಲೇ ಇದ್ದರೆ ಅದು ಸಿಗುವುದೆಲ್ಲಿ? ಜಗಲಿಯ ಮೂಲೆಯಲ್ಲಿ ಗೋಣಿಚೀಲ ಹಾಸಿ. ಮರಿ ತಾನಾಗಿ ಅಲ್ಲಿ ಮಲಗಿದಾಗ ಸದ್ದಿಲ್ಲದೆ ಮುಂಗಾಲುಗಳ ನಡುವೆ ಕೋಳಿಯ ಒಂದು ಚೂರು ಇಟ್ಟು ಬನ್ನಿ. ಜೋರಾಗಿ ಹೊಗಳಿದರೆ ಮತ್ತೆ ಎದ್ದು ಕುಣಿಯುತ್ತದೆ. ಹಲ್ಲು ಬದಲಾಗುವ 4ರಿಂದ 6 ತಿಂಗಳಲ್ಲಿ ಒದ್ದೆ ಬಟ್ಟೆಯನ್ನು ಗಂಟು ಹಾಕಿ ಫ್ರಿಜ್ಜಿನಲ್ಲಿ ತಂಪಾಗಿಸಿ, ನಿಮ್ಮ ಕಣ್ಣೆದುರೇ ಅಗಿಯಲು ಕೊಡಿ. ದಿನವಿಡೀ ಸರಪಳಿಯಲ್ಲಿ ಕಟ್ಟಿದರೆ ಮರಿ ಶಾಂತವಾಗುವುದಿಲ್ಲ, ಬೊಗಳುವುದು ಹೆಚ್ಚುತ್ತದೆ.

ಏಳೆಂಟು ತಿಂಗಳಿಗೆ ಪ್ರಾಯ ಬಂದಾಗ ಕಲಿತದ್ದೆಲ್ಲ ಮರೆತಂತೆ ಆಡುತ್ತದೆ. ಬೇಸರಿಸದೆ ಹಗ್ಗ ಮತ್ತೆ ಹಾಕಿ. ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆಯೂ ಪಶುವೈದ್ಯರನ್ನು ಕೇಳಿ, ಅಲೆದಾಟ ತಗ್ಗಲು ಅದು ನೆರವಾಗುತ್ತದೆ.

ಮುಧೋಳ ಕಣ್ಣಿನಿಂದ ಬೇಟೆ ಗುರುತಿಸಿ ಬೆನ್ನಟ್ಟುವ ತಳಿ. ಎದುರಿಗೆ ಬೆಕ್ಕು ಓಡಿದರೆ ಬಟ್ಟೆಯ ಗುರುತು ಅದನ್ನು ತಡೆಯಲಾರದು. ಎತ್ತರದ ಕಾಂಪೌಂಡ್ ಇಲ್ಲದ ಮನೆಯಲ್ಲಿ, ನೋಡುವವರಿಲ್ಲದ ಹೊತ್ತಿನಲ್ಲಿ, ಎಷ್ಟೇ ಚೆನ್ನಾಗಿ ಕಲಿತಿದ್ದರೂ ಅದನ್ನು ಬಿಚ್ಚಿ ಬಿಡಬೇಡಿ.